ಸಫಕ್‌ನ ಹಳ್ಳಿ ಚರ್ಚುಗಳನ್ನು ನಾನು ನೋಡುವ ರೀತಿ

ಕೆಲಸಕ್ಕೆಂದು ಇಂಗ್ಲೆಂಡಿನ ಸಫಕ್‌ಗೆ ಬಂದಮೇಲೆ ನನಗೊಂದು ಗೀಳು ಹತ್ತಿತು. ರಜೆ ಸಿಕ್ಕರೆ ಸೈಕಲ್ ಹತ್ತಿ ಹಳೇ ಚರ್ಚು ನೋಡಲು ಹೊರಡುತ್ತೇನೆ. ನಾನು ಕ್ರೈಸ್ತನಲ್ಲ, ಇತಿಹಾಸ ಓದಿದವನೂ ಅಲ್ಲ. ಆದರೆ ಇಲ್ಲಿ ಹೆಚ್ಚು ಕಡಿಮೆ ಪ್ರತಿ ಹಳ್ಳಿಯಲ್ಲೂ ಐದಾರು ನೂರು ವರ್ಷದ ಚರ್ಚಿದೆ. ಹಗಲಲ್ಲಿ ಎಷ್ಟೋ ಚರ್ಚುಗಳ ಬಾಗಿಲು ಸುಮ್ನೆ ತೆರೆದಿರುತ್ತದೆ. ಟಿಕೆಟ್ ಇಲ್ಲ, ಕೇಳುವವರೂ ಇಲ್ಲ.

ಮೊದಲು ಶೈಲಿಗಳ ಹೆಸರು ಕಲಿತೆ. ದುಂಡು ಕಮಾನು ಇದ್ದರೆ ನಾರ್ಮನ್, ಚೂಪು ಕಮಾನು ಇದ್ದರೆ ಗೋಥಿಕ್. ಗೋಥಿಕ್ ಒಳಗೂ ಮೂರು ಹಂತ. ಆ ಹಂತಗಳ ಹೆಸರುಗಳನ್ನು ಬಳಕೆಗೆ ತಂದವನು ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್, 1817ರಲ್ಲಿ. ಉಪಯೋಗಕ್ಕೆ ಬರುತ್ತದೆ, ಆದರೆ ಹಳ್ಳಿ ಚರ್ಚು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಹಾಗಾಗಿ ಈಗ ನಾನು ಹುಡುಕುವುದು ಎರಡೇ: ಒಬ್ಬರ ಕೆಲಸ ನಿಂತು ಇನ್ನೊಬ್ಬರದು ಶುರುವಾದ ಜಾಗ ಯಾವುದು, ದುಡ್ಡು ಕೊಟ್ಟವರು ಯಾರು.

ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ಹಾಕುತ್ತೇನೆ. ಗೋಪುರ ಸಾಮಾನ್ಯವಾಗಿ ಪಶ್ಚಿಮಕ್ಕೆ, ಬಲಿಪೀಠ ಪೂರ್ವಕ್ಕೆ. ಗೋಪುರದ ಪೂರ್ವ ಗೋಡೆ ನೋಡಿದರೆ ಎಷ್ಟೋ ಕಡೆ ಈಗಿನ ಚಾವಣಿಗಿಂತ ಮೇಲೆ ಓರೆಯಾದ ಎರಡು ಗೆರೆ ಕಾಣುತ್ತವೆ. ಅದು ಹಳೆಯ ಕಡಿದಾದ ಚಾವಣಿಯ ಗುರುತು. ಹುಲ್ಲಿನ ಚಾವಣಿಯಿಂದ ನೀರು ಜಾರಲು ಇಳಿಜಾರು ಜಾಸ್ತಿ ಬೇಕು. ಸೀಸದ ಹಾಳೆ ಬಂದಮೇಲೆ ಅದು ಬೇಕಾಗಲಿಲ್ಲ. ಇಳಿಬಿಸಿಲಿನಲ್ಲಿ ಹೋದರೆ ಇಂಥ ಗುರುತುಗಳು ಎದ್ದು ಕಾಣುತ್ತವೆ.

ಇಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗುವುದಿಲ್ಲ. ಹೊಲದಲ್ಲಿ ಸಿಗುವ ಫ್ಲಿಂಟ್ ಅನ್ನುವ ಗಟ್ಟಿಯಾದ, ಅಂಕುಡೊಂಕಿನ ಸಣ್ಣ ಕಲ್ಲನ್ನು ಗಾರೆಯಲ್ಲಿ ಕೂರಿಸಿ ಗೋಡೆ ಎಬ್ಬಿಸಿದ್ದಾರೆ. ಸಫಕ್, ನಾರ್ಫಕ್‌ನಲ್ಲಿ ದುಂಡು ಗೋಪುರಗಳು ಅಷ್ಟೊಂದು ಇರುವುದು ಅದಕ್ಕೇ, ಫ್ಲಿಂಟ್‌ನಲ್ಲಿ ಮೂಲೆ ಕಟ್ಟುವುದು ಕಷ್ಟ ಅಂತ ಹೇಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದೇ ಚರ್ಚಿನ ಉಳಿದ ಭಾಗಕ್ಕೆ ಮೂಲೆ ಕಟ್ಟಿದ್ದಾರಲ್ವಾ?

ದುಡ್ಡಿನ ವಿಷಯಕ್ಕೆ ಬಂದರೆ ಒಂದು ಹಳೇ ನಿಯಮ ಗೊತ್ತಿರಬೇಕು. ಜನ ನಿಲ್ಲುವ ನೇವ್ ಭಾಗದ ಖರ್ಚು ಊರಿನವರದು. ಬಲಿಪೀಠವಿರುವ ಚಾನ್ಸೆಲ್ ಭಾಗದ ಖರ್ಚು ರೆಕ್ಟರ್‌ನದು, ಅಂದರೆ ಚರ್ಚಿನ ಆದಾಯದ ಹಕ್ಕು ಇದ್ದವರದು. ಎಷ್ಟೋ ಊರುಗಳಲ್ಲಿ ರೆಕ್ಟರ್ ಅಂದರೆ ದೂರದ ಯಾವುದೋ ಮಠ. ಅದು ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ತೆಗೆದುಕೊಳ್ಳುತ್ತಿತ್ತು, ಖರ್ಚು ಮಾಡುವಾಗ ಮಾತ್ರ ಕೈ ಬಿಗಿ. ಅದಕ್ಕೇ ಎತ್ತರದ, ಬೆಳಕು ತುಂಬಿದ ನೇವ್‌ಗೆ ಪುಟ್ಟ, ಮಂಕು ಚಾನ್ಸೆಲ್ ಅಂಟಿಕೊಂಡಿರುವುದು ಕಾಣುತ್ತದೆ. ಲ್ಯಾವೆನ್‌ಹ್ಯಾಮ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಚಾನ್ಸೆಲ್ ಹಳೆಯದು, ತಗ್ಗು. ನೇವ್ ಮತ್ತು 141 ಅಡಿಯ ಗೋಪುರ ಆಮೇಲಿನವು. ಅವಕ್ಕೆ ಹಣ ಕೊಟ್ಟವರು ಆಕ್ಸ್‌ಫರ್ಡ್ ಅರ್ಲ್ ಎಂಬ ಬಿರುದಿನ ಶ್ರೀಮಂತ ಮತ್ತು ಉಣ್ಣೆ ಬಟ್ಟೆಯ ವ್ಯಾಪಾರಿ ಸ್ಪ್ರಿಂಗ್ ಮನೆತನ. ಹೊರಗೋಡೆಯಲ್ಲಿ ಅರ್ಲ್‌ನ ನಕ್ಷತ್ರವೂ ಇದೆ, ಸ್ಪ್ರಿಂಗ್ ಮನೆತನದ ಲಾಂಛನವೂ ಇದೆ. ಲಾಂಗ್ ಮೆಲ್‌ಫರ್ಡ್‌ನಲ್ಲಂತೂ ದಾನಿಗಳ ಹೆಸರನ್ನೇ ಗೋಡೆಯ ಉದ್ದಕ್ಕೂ ಬರೆಸಿದ್ದಾರೆ. ಫ್ಯಾನಿನ ಮೇಲೂ ದಾನಿಯ ಹೆಸರು ಬರೆಸುವ ನಮ್ಮವರಿಗೆ ಇದು ವಿಚಿತ್ರ ಅನಿಸಲಾರದು.

ಒಳಗೆ ಹೋದ ತಕ್ಷಣ ನೇವ್ ಮತ್ತು ಚಾನ್ಸೆಲ್ ಸೇರುವ ಕಡೆ ಗೋಡೆಯಲ್ಲಿ ಕಿರಿದಾದ ಬಾಗಿಲು ಇದೆಯಾ ಅಂತ ನೋಡುತ್ತೇನೆ. ಇದ್ದರೆ ಅದರೊಳಗೆ ಎಲ್ಲಿಗೂ ಹೋಗದ ಮೆಟ್ಟಿಲು. ಮೊದಲು ಅಲ್ಲಿ ಮರದ ತಡಿಕೆಯ ಮೇಲೆ ಅಟ್ಟ ಇರುತ್ತಿತ್ತು. ಅದರ ಮೇಲೆ ಶಿಲುಬೆ, ಅಕ್ಕಪಕ್ಕ ಮರಿಯ ಮತ್ತು ಯೋಹಾನರ ಮೂರ್ತಿ. 16ನೇ ಶತಮಾನದ ಸುಧಾರಣೆಯಲ್ಲಿ, ಅಂದರೆ ಇಂಗ್ಲೆಂಡ್ ಪೋಪನನ್ನು ಬಿಟ್ಟು ಪ್ರಾಟೆಸ್ಟಂಟ್ ಆದಾಗ, ಅವನ್ನೆಲ್ಲ ಕಿತ್ತು ಹಾಕಿದರು, ಮೆಟ್ಟಿಲು ಉಳಿಯಿತು.

ಇದು ಕಣ್ಣಿಗೆ ಕಟ್ಟುವಂತೆ ಅರ್ಥವಾಗಿದ್ದು ವೆನ್‌ಹ್ಯಾಸ್ಟನ್‌ನಲ್ಲಿ. ಅಲ್ಲಿ ಹಲಗೆಗಳ ಮೇಲೆ ಕಡೆಯ ತೀರ್ಪಿನ ದಿನದ ದೊಡ್ಡ ಚಿತ್ರವಿತ್ತು. ಸುಧಾರಣೆಯ ಕಾಲದಲ್ಲಿ ಅದಕ್ಕೆ ಸುಣ್ಣ ಬಳಿದರು. 1892ರಲ್ಲಿ ರಿಪೇರಿ ಮಾಡುವಾಗ ಹಳೇ ಹಲಗೆ ಅಂತ ಹೊರಗೆ ಹಾಕಿದರು. ರಾತ್ರಿ ಮಳೆ ಬಂತು, ಸುಣ್ಣ ತೊಳೆದುಹೋಯಿತು, ಚಿತ್ರ ಕಂಡಿತು. ಅದರ ನಡುವೆ ಬಣ್ಣವಿಲ್ಲದ ಮೂರು ಆಕಾರಗಳಿವೆ: ಒಂದು ಶಿಲುಬೆ, ಇಬ್ಬರು ನಿಂತ ಮನುಷ್ಯರು. ಮೂರ್ತಿಗಳ ಹಿಂದೆ ಬಣ್ಣ ಯಾಕೆ ದಂಡ ಅಂತ ಚಿತ್ರಕಾರ ಬಿಟ್ಟ ಜಾಗ. ಮೂರ್ತಿ ಹೋಗಿ ಶತಮಾನಗಳಾದವು, ಅಳತೆ ಮಾತ್ರ ಅಲ್ಲೇ ಇದೆ.

ಪಕ್ಕದ ಬ್ಲೈತ್‌ಬರ್ಗ್‌ನ ಚಾವಣಿಯಲ್ಲಿ ಮರದ ದೇವದೂತರಿದ್ದಾರೆ, ಮೈಮೇಲೆ ಗುಂಡಿನ ಗುರುತು. 1644ರಲ್ಲಿ ವಿಗ್ರಹ ಒಡೆಸಲು ಬಂದ ವಿಲಿಯಂ ಡೌಸಿಂಗ್ ಕಡೆಯವರು ಹೊಡೆದದ್ದು ಅಂತ ಕಥೆ. ಆದರೆ ಅಲ್ಲಿ ಸಿಕ್ಕ ಸೀಸದ ಗುಂಡುಗಳು ಆಮೇಲಿನವು. ಒಳಗೆ ಸೇರಿಕೊಂಡ ಕಾಗೆಗಳಿಗೆ ಗುರಿಯಿಡಲು 18ನೇ ಶತಮಾನದಲ್ಲಿ ಚರ್ಚಿನವರೇ ದುಡ್ಡು ಕೊಟ್ಟ ಲೆಕ್ಕ ಇದೆ. ಅಲ್ಲಿ ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ, ಚಾವಣಿ ತುಂಬಾ ಎತ್ತರ.

ಇನ್ನೊಂದು ಮಾತು. ಬಾಗಿಲ ಬಳಿ ಇಟ್ಟಿರುವ ಮಾಹಿತಿ ಪುಸ್ತಿಕೆಯನ್ನು ನಾನು ಕೊನೆಗೇ ಓದುವುದು. ಮೊದಲೇ ಓದಿದರೆ ಅದು ಹೇಳಿದ್ದಷ್ಟೇ ಕಾಣುತ್ತದೆ. ಓದಿ ಮುಗಿಸಿ, ಡಬ್ಬಿಗೆ ಚಿಲ್ಲರೆ ಹಾಕಿ, ಇನ್ನೊಂದು ಸುತ್ತು ಹೊರಡುತ್ತೇನೆ.