ತಲೆಗೆ ಪೆಟ್ಟಾದವರನ್ನು ಸಾಗಿಸುವಾಗ ಬಿ.ಪಿ. ಬೀಳದಂತೆ ನೋಡಿಕೊಳ್ಳುವುದು

ತಲೆಗೆ ಜೋರು ಪೆಟ್ಟಾದವರನ್ನು ಕೋಲಾರದಿಂದ ನಿಮ್ಹಾನ್ಸ್‌ಗೆ ಕರೆದೊಯ್ಯುವಾಗ ನಾನು ಎಲ್ಲಕ್ಕಿಂತ ಹೆಚ್ಚು ಕಾಯುವುದು ಬಿ.ಪಿ.ಯನ್ನು. ಊದಿಕೊಂಡ ಮಿದುಳಿಗೆ ರಕ್ತ ಹತ್ತಬೇಕಾದರೆ ಒತ್ತಡ ಬೇಕೇ ಬೇಕು. ಸಿಸ್ಟೋಲಿಕ್ (ಬಿ.ಪಿ.ಯ ಮೇಲಿನ ಅಂಕಿ) ಒಂದೇ ಸಲ 90ರ ಕೆಳಗಿಳಿದರೂ ರೋಗಿ ಉಳಿಯುವ ಸಾಧ್ಯತೆ ಕುಗ್ಗುತ್ತದೆ. ಅದಕ್ಕೇ ದೊಡ್ಡವರಲ್ಲಿ 110ರ ಮೇಲಿಡುತ್ತೇನೆ.

ಬಿ.ಪಿ. ಇಳಿದಿದ್ದರೆ ತಲೆಯ ಪೆಟ್ಟಿನಿಂದಲೇ ಎಂದು ಬಿಟ್ಟುಬಿಡಬಾರದು. ಬೇರೆಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಎದೆ, ಹೊಟ್ಟೆ, ಸೊಂಟದ ಮೂಳೆ, ತೊಡೆ ನೋಡಬೇಕು. ಬ್ಯಾಂಡೇಜಿನಡಿ ನೆತ್ತಿಯ ಗಾಯ ಸೋರುತ್ತಿದ್ದರೆ ಹೊಲಿಗೆ ಹಾಕಿಯೇ ಹೊರಡುತ್ತೇನೆ. ರಕ್ತನಾಳಕ್ಕೆ ಎರಡು ದಪ್ಪ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ), ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್). ಶುಗರ್ ಇಳಿದಿಲ್ಲದಿದ್ದರೆ ಡೆಕ್ಸ್‌ಟ್ರೋಸ್ (ಸಕ್ಕರೆ ಬೆರೆತ ಡ್ರಿಪ್) ಬೇಡ, ಮಿದುಳಿನ ಊತ ಹೆಚ್ಚುತ್ತದೆ.

ಎಷ್ಟೋ ಸಲ ಬಿ.ಪಿ. ಬೀಳಿಸುವುದು ಚಿಕಿತ್ಸೆಯೇ. ಉಸಿರಾಟದ ಟ್ಯೂಬ್ ಹಾಕಲು ಕೊಟ್ಟ ಪ್ರೊಪೊಫಾಲ್, ಮಿಡಜೋಲಮ್‌ನಂಥ ಮಂಪರಿನ ಔಷಧಿಗಳು ರಕ್ತನಾಳಗಳನ್ನು ಸಡಿಲಿಸುತ್ತವೆ. ಆಮೇಲೆ ಅಂಬು ಬ್ಯಾಗನ್ನು (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಗಾಬರಿಯಲ್ಲಿ ಒತ್ತುತ್ತಾ ಹೋದರೆ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ರಕ್ತ ಮರಳುವುದೇ ಕಡಿಮೆಯಾಗುತ್ತದೆ. ನಾನು ಆ ಔಷಧಿಗಳ ಬದಲು ಕೆಟಮಿನ್ ಆರಿಸುತ್ತೇನೆ, ಇಟಿಸಿಓ2 (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳತೆ) 35ರಿಂದ 40ರೊಳಗೆ ಇಡುತ್ತೇನೆ. ‘ಹೊರಡೋ ಮುಂಚೆ ಒಂದು ಮ್ಯಾನಿಟಾಲ್ ಹಾಕ್ಬಿಡಿ’ ಎನ್ನುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ಮಿದುಳಿನ ಊತ ಇಳಿಸಲು ಕೊಡುವ ಆ ಔಷಧಿ ಮೂತ್ರವಾಗಿ ನೀರಿಳಿಸಿ ದಾರಿಯಲ್ಲೇ ಬಿ.ಪಿ. ಬೀಳಿಸಬಹುದು. ಬಿ.ಪಿ. ಕಡಿಮೆಯಿದ್ದು ಊತವೂ ಇದ್ದರೆ 3% ಸಲೈನ್ (ಗಾಢ ಉಪ್ಪುನೀರು) ವಾಸಿ.

ನಾರ್‌ಅಡ್ರಿನಲಿನ್ (ಬಿ.ಪಿ. ಏರಿಸುವ ಔಷಧಿ) ಸಿರಿಂಜ್ ಪಂಪಿನಲ್ಲಿ ಆಸ್ಪತ್ರೆಯಲ್ಲೇ ಸಿದ್ಧವಾಗಿರಬೇಕು. 4 ಮಿ.ಗ್ರಾಂ. ಔಷಧಿ ಒಟ್ಟು 50 ಮಿ.ಲೀ. ಆಗುವಂತೆ ಬೆರೆಸಿದರೆ ಮಿ.ಲೀ.ಗೆ 80 ಮೈಕ್ರೋಗ್ರಾಂ. 60 ಕೆ.ಜಿ. ತೂಕದವರಿಗೆ ನಿಮಿಷಕ್ಕೆ ಕೆ.ಜಿ.ಗೆ 0.05 ಮೈಕ್ರೋಗ್ರಾಂ ಅಂದರೆ ಗಂಟೆಗೆ ಸುಮಾರು 2.2 ಮಿ.ಲೀ. ಇಲ್ಲೊಂದು ಸೂಕ್ಷ್ಮವಿದೆ: ಒಂದೂವರೆ ಮಿ.ಲೀ. ಹಿಡಿಸುವ ಎಕ್ಸ್‌ಟೆನ್ಷನ್ ಲೈನ್ (ಸಿರಿಂಜ್‌ನಿಂದ ಸೂಜಿಯವರೆಗಿನ ಕೊಳವೆ) ಖಾಲಿಯಿದ್ದರೆ ಈ ವೇಗದಲ್ಲಿ ತುದಿವರೆಗೆ ಔಷಧಿ ಬರಲು 40 ನಿಮಿಷ ಬೇಕು. ಅಷ್ಟರಲ್ಲಿ ಗಾಡಿ ನರಸಾಪುರ ದಾಟಿರುತ್ತದೆ, ಪಂಪ್ ಓಡುತ್ತಿದ್ದರೂ ರೋಗಿಗೆ ಒಂದು ಹನಿಯೂ ಸೇರಿರುವುದಿಲ್ಲ. ಆದ್ದರಿಂದ ಸೂಜಿತುದಿವರೆಗೆ ತುಂಬಿಸಿ, ಬಿ.ಪಿ. ಏರಿದ್ದು ಕಣ್ಣಾರೆ ಕಂಡ ಮೇಲೇ ಗಾಡಿ ಹೊರಡಬೇಕು. ಬಿ.ಪಿ. ಅಳೆಯುವ ಕಫ್ (ತೋಳುಪಟ್ಟಿ) ಔಷಧಿ ಹೋಗದ ಇನ್ನೊಂದು ತೋಳಿಗೆ. ಅದೇ ತೋಳಿಗೆ ಕಟ್ಟಿದರೆ ಉಬ್ಬಿದಾಗ ಔಷಧಿ ನಿಲ್ಲುತ್ತದೆ, ಬಿಟ್ಟಾಗ ಒಮ್ಮೆಲೇ ನುಗ್ಗುತ್ತದೆ.

ದಾರಿಯಲ್ಲಿ 3 ನಿಮಿಷಕ್ಕೊಮ್ಮೆ ಅಳತೆ. ಕಂಪನಕ್ಕೆ ಮಾನಿಟರ್ ತಪ್ಪು ಅಂಕಿ ತೋರಿಸುವುದುಂಟು, ಹೆಲಿಕಾಪ್ಟರ್‌ನಲ್ಲಂತೂ ಇನ್ನೂ ಹೆಚ್ಚು. ಅನುಮಾನ ಬಂದರೆ ಕೈಪಂಪಿನ ಕಫ್ ಕಟ್ಟಿ ಮಣಿಕಟ್ಟಿನ ನಾಡಿ ಮರಳುವ ಅಂಕಿ ನೋಡುತ್ತೇನೆ. ಹೊಸಕೋಟೆ ದಾಟಿ ಕೆ.ಆರ್. ಪುರದಲ್ಲಿ ಗಾಡಿ ಸಿಕ್ಕಿಕೊಳ್ಳುವುದು ಮಾಮೂಲು. ಆಕ್ಸಿಜನ್, ಪಂಪಿನ ಬ್ಯಾಟರಿ, ಇನ್ನೊಂದು ತುಂಬಿದ ಸಿರಿಂಜ್ ಆ ಲೆಕ್ಕಕ್ಕೇ ಇರಬೇಕು. ಒಪ್ಪಿಸುವಾಗ ಕೊನೆಯ ಬಿ.ಪಿ. ಮಾತ್ರವಲ್ಲ, ದಾರಿಯಲ್ಲಿ ಅತಿ ಕಡಿಮೆಯಾದದ್ದು ಎಷ್ಟು, ಎಷ್ಟು ನಿಮಿಷ ಹಾಗಿತ್ತು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಡುತ್ತೇನೆ.