ಹಿಮದ ಊರಿನ ಬುಲೆಟಿನ್, ಕಾರವಾರದ ತುಕ್ಕು

ಬ್ರೇಕ್ ಒತ್ತಿ ಗಾಡಿ ಇನ್ನೇನು ನಿಲ್ಲಬೇಕು, ಆಗ ಪೆಡಲ್ ಕಾಲಿಗೆ ಕಟಕಟ ಒದೆಯುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ಲೈಟ್ ಹೊತ್ತಿಲ್ಲ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇಲ್ಲ. ರಸ್ತೆ ಒಣಗಿದೆ, ವೇಗ ಹತ್ತು ಕಿಲೋಮೀಟರ್ ಕೂಡ ಇಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಐದಾರು ವರ್ಷ ಓಡಿದ ಗಾಡಿ ಇಟ್ಟುಕೊಂಡವರು ಈ ದೂರು ತಂದೇ ತರುತ್ತಾರೆ. ಹೊರಗೆ ಇದಕ್ಕೆ ಕೊಡುವ ಎಸ್ಟಿಮೇಟ್ ಹೆಚ್ಚುಕಮ್ಮಿ ಒಂದೇ: ಎಬಿಎಸ್ ಮಾಡ್ಯುಲೇಟರ್ (ಬ್ರೇಕಿನ ಒತ್ತಡ ಹೆಚ್ಚುಕಮ್ಮಿ ಮಾಡುವ ಭಾಗ) ಬದಲಿಸಬೇಕು, 38ರಿಂದ 42 ಸಾವಿರ. ನಾನು ಮೂರೂವರೆ, ನಾಲ್ಕು ಸಾವಿರದೊಳಗೆ ಮುಗಿಸುತ್ತಿದ್ದೇನೆ. ಎರಡು ಮಳೆಗಾಲದಲ್ಲಿ ಹನ್ನೊಂದೋ ಹನ್ನೆರಡೋ ಗಾಡಿ, ವಾಪಸ್ ಬಂದದ್ದು ಒಂದು. "ಅಮೆರಿಕದ ಕಾಗದ ಓದಿದ್ರೆ ಕಾರವಾರದ ಗಾಡಿ ರಿಪೇರಿ ಆಗ್ತದೇನೋ ಮಾರಾಯ" ಅಂತ ನಕ್ಕವರೇ ಈಗ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದಿಟ್ಟಿದ್ದೇನೆ.

ಆ ಕಾಗದ ಅಂದರೆ ಟೆಕ್ನಿಕಲ್ ಸರ್ವಿಸ್ ಬುಲೆಟಿನ್, ಗೊತ್ತಾದ ತೊಂದರೆಗೆ ಕಾರಣ, ರಿಪೇರಿ ತಿಳಿಸಿ ಕಂಪನಿ ಡೀಲರ್‌ಗೆ ಕಳಿಸುವ ಪತ್ರ. ಅದು ನಮ್ಮಲ್ಲಿ ಡೀಲರ್‌ನ ಕಂಪ್ಯೂಟರ್ ದಾಟಿ ಹೊರಗೆ ಬರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಡೀಲರ್‌ಗಳಿಗೆ ಕಳಿಸಿದ್ದರ ಪ್ರತಿಯನ್ನು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎಗೂ ಕೊಡಬೇಕು, ಅದು ಇಲಾಖೆಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ವರ್ಷ, ಕಂಪನಿ, ಮಾಡೆಲ್ ಹಾಕಿದರೆ ರೀಕಾಲ್ (ದೋಷವಿರುವ ಗಾಡಿಗಳನ್ನು ಕಂಪನಿಯೇ ಕರೆಸಿ ಸರಿಮಾಡುವುದು), ಗ್ರಾಹಕರ ದೂರು, ಕಂಪನಿಯ ಪತ್ರ ಎಲ್ಲ ಬೇರೆ ಬೇರೆ ಕಾಣುತ್ತವೆ. ನನಗೆ ದಾರಿ ತೋರಿಸಿದ್ದು 2005ರ ಜನರಲ್ ಮೋಟಾರ್ಸ್ ರೀಕಾಲ್. ಸುಮಾರು 8 ಲಕ್ಷ ಪಿಕಪ್ ಮತ್ತು ಎಸ್‌ಯುವಿ, ದೂರು ಅಕ್ಷರಶಃ ಮೇಲೆ ಬರೆದದ್ದೇ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿಗಳನ್ನು ಮಾತ್ರ ಕರೆಸಿದ್ದರು. ನಮಗೆ ಉಪ್ಪು ಸುರಿಯುವ ಕೆಲಸವಿಲ್ಲ, ಅರಬ್ಬೀ ಸಮುದ್ರ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ಆ ಪಿಕಪ್ ಇಲ್ಲಿ ಒಂದೂ ಓಡುವುದಿಲ್ಲ, ಆದರೆ ಕಬ್ಬಿಣ ತುಕ್ಕು ಹಿಡಿಯುವ ರೀತಿ ಎಲ್ಲ ಕಡೆ ಒಂದೇ ತಾನೇ.

ಕಾರಣ ಇಷ್ಟು. ಚಕ್ರದ ಹತ್ತಿರ ಇರುವ ಸೆನ್ಸರ್, ಚಕ್ರದ ಜೊತೆ ತಿರುಗುವ ಒಂದು ರಿಂಗ್ ನೋಡಿ ವೇಗ ಅಳೆಯುತ್ತದೆ. ಸೆನ್ಸರ್ ಕೂರುವ ಲೋಹದ ಮುಖದ ಮೇಲೆ ತುಕ್ಕು ಬೆಳೆದು ಸೆನ್ಸರನ್ನು ಮೇಲೆತ್ತುತ್ತದೆ. ಸೆನ್ಸರ್ ತುದಿಗೂ ರಿಂಗಿಗೂ ನಡುವೆ ಇರಬೇಕಾದ ಸಂದು ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಅದಕ್ಕೆ ಅರ್ಧ ಮಿಲಿಮೀಟರ್ ತುಕ್ಕು ಸೇರಿದರೆ ಸಾಕು, ಸಿಗ್ನಲ್ ಕುಸಿಯುತ್ತದೆ. ಕಾಯಿಲ್ ಇರುವ ಹಳೆ ನಮೂನೆಯ ಸೆನ್ಸರ್‌ಗೆ ಚಕ್ರ ನಿಧಾನವಾದಷ್ಟೂ ವೋಲ್ಟೇಜ್ ಕಡಿಮೆ, ಹಾಗಾಗಿ ನಿಲ್ಲುವ ಹೊತ್ತಿಗೇ ತೊಂದರೆ. ಒಂದು ಚಕ್ರ ಸೊನ್ನೆ ತೋರಿಸಿದ ಕೂಡಲೇ ಅದು ಲಾಕ್ ಆಯಿತು ಅಂತ ಮಾಡ್ಯುಲೇಟರ್ ಬ್ರೇಕ್ ಸಡಿಲಿಸುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಬುಲೆಟಿನ್ ಸಿಕ್ಕ ಕೂಡಲೇ ಪಾರ್ಟ್ ನಂಬರ್ ನೋಡುವುದು ನಮ್ಮೆಲ್ಲರ ಚಟ. ನಾನೂ ಅದನ್ನೇ ಮಾಡಿ ಮೊದಲ ವರ್ಷ ಆರು ಸಾವಿರ ಕಳೆದುಕೊಂಡೆ: ಅಲ್ಲಿನ ನಂಬರ್ ಹಿಡಿದು ತರಿಸಿದ ವಯರಿಂಗ್ ಎಡಗೈ ಸ್ಟಿಯರಿಂಗ್ ಗಾಡಿಯದು, ಉದ್ದವೂ ಸಾಲದು, ವಾಪಸ್ ತೆಗೆದುಕೊಳ್ಳುವವರೂ ಇಲ್ಲ. ಈಗ ಪಾರ್ಟ್ ನಂಬರ್ ಕೊನೆಗೆ. ಮೊದಲು ದೂರಿನ ಮಾತು ನೋಡುತ್ತೇನೆ, ಯಾವ ವೇಗ, ತಣ್ಣಗಿದ್ದಾಗಲೋ ಬಿಸಿಯಲ್ಲೋ. ನಂತರ ಯಾವ ಚಾಸಿ ನಂಬರ್‌ನಿಂದ ಯಾವುದರವರೆಗೆ, ಯಾವ ತಾರೀಕಿನ ಮೊದಲು ತಯಾರಾದ ಗಾಡಿ. ಆ ತಾರೀಕಿನ ನಂತರದ್ದಾದರೆ ಹೊಸ ಪಾರ್ಟನ್ನು ಕಂಪನಿಯಲ್ಲೇ ಗಾಡಿಗೆ ಕೂರಿಸಿರುತ್ತಾರೆ, ಮತ್ತೆ ಅದನ್ನೇ ಬದಲಿಸಿ ಪ್ರಯೋಜನವಿಲ್ಲ. ಆಮೇಲೆ ಕಾರಣದ ಸಾಲು. ನನಗೆ ಬೇಕಾದದ್ದು ಅದೊಂದೇ. ಕಾರಣ ಬರೆಯದೆ 'ಬದಲಿಸಿ' ಅಂತ ಮಾತ್ರ ಬರೆದ ಬುಲೆಟಿನ್ ನಮ್ಮ ಗಾಡಿಗೆ ಉಪಯೋಗಕ್ಕೆ ಬರುವುದು ಅಪರೂಪ. ಸಾಫ್ಟ್‌ವೇರ್ ಹಾಕಬೇಕು ಅಂತಿದ್ದರೆ ನಾನು ಮುಟ್ಟುವುದೇ ಇಲ್ಲ, ಗಿರಾಕಿಯನ್ನು ನೇರ ಕಂಪನಿ ಸರ್ವಿಸ್‌ಗೆ ಕಳಿಸುತ್ತೇನೆ.

ಕೆಲಸಕ್ಕೆ ಬರೋಣ. ಸ್ಕ್ಯಾನರ್ ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ವೇಗ ಒಂದೇ ಪರದೆಗೆ ಹಾಕಿ, ಖಾಲಿ ಜಾಗದಲ್ಲಿ ಇಪ್ಪತ್ತರಿಂದ ಮೆಲ್ಲಗೆ ಇಳಿಸುತ್ತ ನಿಲ್ಲಿಸಿ. ಮೂರು ಚಕ್ರ 6, 5, 4 ಅಂತ ಇಳಿಯುವಾಗ ಒಂದು ಚಕ್ರ 7ರಿಂದ ಸೊನ್ನೆಗೆ ಹಾರುತ್ತದೆ. ಅದೇ ನಮ್ಮದು. ಕಾಯಿಲ್ ಸೆನ್ಸರ್ ಆದರೆ ಮೀಟರ್‌ನಲ್ಲಿ ಒಂದೆರಡು ಕಿಲೋ ಓಮ್ ತೋರಿಸಬೇಕು. ಚಕ್ರ ಎತ್ತಿ ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ ಎಸಿ ವೋಲ್ಟೇಜ್ ಎಡ ಬಲ ಹೋಲಿಸಿ. ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಹೊಸ ಆಕ್ಟಿವ್ ಸೆನ್ಸರ್‌ಗೆ ಓಮ್ ನೋಡುವ ಪದ್ಧತಿ ನಡೆಯುವುದಿಲ್ಲ, ಅಲ್ಲಿ ಲೈವ್ ಡೇಟಾ ಒಂದೇ ಗತಿ.

ಸೆನ್ಸರ್ ತೆಗೆಯುವುದೇ ಕಷ್ಟದ ಕೆಲಸ. 10 ಎಂಎಂ ಬೋಲ್ಟು ಬರುತ್ತದೆ, ಪ್ಲಾಸ್ಟಿಕ್ ಸೆನ್ಸರ್ ತೂತಿನಲ್ಲೇ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಕಿವಿ ಮುರಿದು ಮೈ ಒಳಗೇ ಉಳಿಯುತ್ತದೆ. ಎರಡನೇ ಗಾಡಿಯಲ್ಲಿ ಹಾಗೇ ಆಗಿ, ಡ್ರಿಲ್ ಹಾಕಿದೆ, ಬಿಟ್ ಜಾರಿ ರಿಂಗಿಗೆ ಬಡಿದು ಹಬ್ ಸಮೇತ ಹೋಯಿತು. ನಾಲ್ಕೂವರೆ ಸಾವಿರ ನನ್ನ ಕಿಸೆಯಿಂದ. ಈಗ ಹಿಂದಿನ ರಾತ್ರಿಯೇ ತುಕ್ಕೆಣ್ಣೆ ಬಿಟ್ಟು, ಬೆಳಿಗ್ಗೆ ಸೆನ್ಸರ್ ತಲೆ ಹಿಡಿದು ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತ ಬಿಡಿಸುತ್ತೇನೆ. ಎಣ್ಣೆಗೆ ಏನು ಬೆರೆಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಹೊಟ್ಟೆಪಾಡು.

ಬಿಡಿಸಿದ ಮೇಲೆ ಮುಖವನ್ನು 120 ನಂಬರ್ ಪಾಲಿಶ್ ಪೇಪರ್‌ನಲ್ಲಿ ಬಿಳಿ ಲೋಹ ಕಾಣುವವರೆಗೆ ತಿಕ್ಕಿ. ಗ್ರೈಂಡರ್ ಹಾಕಬೇಡಿ, ಮುಖ ಓರೆಯಾಗುತ್ತದೆ, ಪುಡಿ ಹೋಗಿ ಬೇರಿಂಗಿನ ಮ್ಯಾಗ್ನೆಟ್‌ಗೆ ಅಂಟುತ್ತದೆ. ತೂತಿಗೆ ಬಟ್ಟೆ ತುರುಕಿಯೇ ತಿಕ್ಕಬೇಕು. ಜಿಂಕ್ ಪ್ರೈಮರ್ ಒಂದೇ ತೆಳು ಪದರ, ಪೂರ್ತಿ ಒಣಗಲಿ. ದಪ್ಪ ಬಳಿದರೆ ನಾವೇ ಸಂದು ಹೆಚ್ಚಿಸಿದ ಹಾಗೆ. ಮೇಲೆ ಸಿಲಿಕೋನ್ ಗ್ರೀಸ್, ಕನೆಕ್ಟರ್ ಒಳಗೂ ಒಂದು ಚೂರು. ಮೊದಲನೇ ಗಾಡಿಯಲ್ಲಿ ಇದ್ಯಾವುದನ್ನೂ ಮಾಡದೆ ತುಕ್ಕಿನ ಮೇಲೆಯೇ ಹೊಸ ಸೆನ್ಸರ್ ಕೂರಿಸಿದ್ದೆ, 2,200ರ ಪಾರ್ಟ್. ಸಂಜೆಯೊಳಗೆ ಮತ್ತೆ ಕಟಕಟ.

ಯಾವ ಗ್ರೀಸ್ ತಡೆಯುತ್ತದೆ ಅಂತ ನೋಡಲು ಒಂದು ಮಳೆಗಾಲ ಐದು ಬೋಲ್ಟಿಗೆ ಐದು ಬಗೆ ಹಚ್ಚಿ ಒಂದು ಮೀನಿನ ಗಾಡಿಯ ಚಾಸಿಗೆ ಕಟ್ಟಿದ್ದೆ. ಜೂನ್‌ನಿಂದ ಸೆಪ್ಟೆಂಬರ್. ಸಾದಾ ಚಾಸಿ ಗ್ರೀಸ್ ಜುಲೈಗೇ ತೊಳೆದುಹೋಯಿತು. ಕಾಪರ್ ಗ್ರೀಸ್ ಚೆನ್ನಾಗಿ ನಿಂತಿತು, ಆದರೆ ಲೋಹದ ಪುಡಿ ಇರುವುದರಿಂದ ಸೆನ್ಸರ್ ಹತ್ತಿರ ಬೇಡ, ನಕಲ್ (ಚಕ್ರದ ಹಬ್ ಹಿಡಿದಿರುವ ಭಾಗ) ಅಲ್ಯೂಮಿನಿಯಂ ಆಗಿದ್ದರೆ ಅಂತೂ ಬೇಡವೇ ಬೇಡ. ಬರೇ ಪ್ರೈಮರ್ ಹಚ್ಚಿದ್ದು ಅಂಚಿನಲ್ಲಿ ಬಿಟ್ಟಿತು. ಪ್ರೈಮರ್ ಮೇಲೆ ಸಿಲಿಕೋನ್ ಹಚ್ಚಿದ್ದೇ ಗೆದ್ದಿತು. ಐದನೆಯದು ದೋಣಿಗೆ ಬಳಿಯುವ ಮೀನೆಣ್ಣೆ. ನಿಜ ಹೇಳುವುದಾದರೆ ಅದು ಎರಡನೇ ಸ್ಥಾನ, ಆದರೆ ಗಾಡಿ ನಿಂತಲ್ಲೆಲ್ಲ ಬೆಕ್ಕುಗಳು ಅದರ ಕೆಳಗೆ ನುಗ್ಗುತ್ತಿದ್ದವು.

ದರದ ಲೆಕ್ಕ. ಬುಲೆಟಿನ್ ಕೊನೆಯಲ್ಲಿ ಲೇಬರ್ ಟೈಮ್ ಅಂತ 0.6, 0.8 ಹೀಗೆ ಇರುತ್ತದೆ, ಗಂಟೆಯ ಹತ್ತನೇ ಭಾಗದ ಲೆಕ್ಕ. ಅದು ವಾರಂಟಿಯಲ್ಲಿ ಕಂಪನಿ ಡೀಲರ್‌ಗೆ ಕೊಡುವ ಸಮಯ. ಕಚ್ಚಿದ ಬೋಲ್ಟು ಅದರಲ್ಲಿ ಸೇರಿಲ್ಲ. ನಾನು ಸಿರ್ಸಿ, ಯಲ್ಲಾಪುರದ ಗಾಡಿಗೆ ಅದನ್ನು ಒಂದೂಕಾಲು ಪಟ್ಟು ಮಾಡುತ್ತೇನೆ. ಘಟ್ಟದ ಕೆಳಗಿನದಕ್ಕೆ ಎರಡು ಪಟ್ಟು. ಮೀನು ಸಾಗಿಸುವ ಗಾಡಿಗೆ ಮೂರು, ಐಸಿನ ಉಪ್ಪುನೀರು ಹಿಂದಿನ ಆಕ್ಸಲ್ ಮೇಲೇ ಸೋರುತ್ತಿರುತ್ತದೆ. ನನ್ನ ದರ ಗಂಟೆಗೆ 450. ಎರಡು ಚಕ್ರ ಬಿಚ್ಚಿ ಶುಚಿ ಮಾಡಿದರೆ ಎರಡೂವರೆ ಗಂಟೆ ಹತ್ತಿರ, 1,100. ಒಂದು ಸೆನ್ಸರ್ ಬೇಕಾದರೆ 1,900ರಿಂದ 2,200. ಪ್ರೈಮರ್, ಗ್ರೀಸ್ 150. ಬಿಡಿಭಾಗದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಅದಕ್ಕೂ ಮೊದಲಿನ ಎಸ್ಟಿಮೇಟ್ ಹಿಡಿದು ಬಂದ ಗಿರಾಕಿಗೆ ಅದನ್ನು ತಿದ್ದಿ ತೋರಿಸಿ, ನಂಬಿಕೆ ಬರುತ್ತದೆ.

ಗಿರಾಕಿಗಳು ಬುಲೆಟಿನ್ ಅಂದರೆ ಬಿಟ್ಟಿ ರಿಪೇರಿ ಅಂದುಕೊಳ್ಳುತ್ತಾರೆ. ವಾರಂಟಿ ಮುಗಿದ ಮೇಲೆ ಬುಲೆಟಿನ್ ಕೆಲಸಕ್ಕೆ ದುಡ್ಡು ಕೊಡಲೇಬೇಕು, ಪುಕ್ಕಟೆ ಆಗುವುದು ರೀಕಾಲ್ ಮಾತ್ರ. ನಮ್ಮಲ್ಲಿ ರೀಕಾಲ್‌ಗೆ ಕಾನೂನಿನ ಬಲ ಬಂದದ್ದು 2019ರ ತಿದ್ದುಪಡಿಯಿಂದ, ನಿಯಮ ಜಾರಿಯಾದದ್ದು 2021ರ ಏಪ್ರಿಲ್ 1ಕ್ಕೆ, ಏಳು ವರ್ಷದೊಳಗಿನ ಗಾಡಿಗೆ. ಹಾಗಾಗಿ ಬಿಚ್ಚುವ ಮೊದಲು ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯಾ ನೋಡಿ. ವಾರಂಟಿ ಈಗಷ್ಟೇ ಮುಗಿದಿದ್ದರೆ ಗುಡ್‌ವಿಲ್ (ವಾರಂಟಿ ಮುಗಿದರೂ ಕಂಪನಿ ಕೊಡುವ ರಿಯಾಯಿತಿ) ಕೇಳಿ ಕಂಪನಿಗೆ ಮೇಲ್ ಹಾಕಿಸಿ, ಬುಲೆಟಿನ್ ನಂಬರ್ ಬರೆದೇ ಹಾಕಿಸಿ. ಬಾಯಲ್ಲಿ ಕೇಳಿದರೆ ಕೌಂಟರ್‌ನಲ್ಲೇ ಮುಗಿದುಹೋಗುತ್ತದೆ.

ಫೋರ್ಡ್ ಇಕೋಸ್ಪೋರ್ಟ್ ಇಟ್ಟುಕೊಂಡವರಿಗೆ ಅಮೆರಿಕದ ಕಾಗದ ಇನ್ನೂ ಹತ್ತಿರ. 2018ರಿಂದ 2022ರ ಮಾದರಿವರೆಗೆ ಅಲ್ಲಿ ಮಾರಿದ ಗಾಡಿ ನಮ್ಮ ಚೆನ್ನೈನದೇ. ಬಾಗಿಲು, ವೈಪರ್, ಸಸ್ಪೆನ್ಶನ್ ಬುಲೆಟಿನ್ ಬಹಳಷ್ಟು ಹೊಂದುತ್ತವೆ, ಅಲ್ಲಿ 1.5 ಇಂಜಿನ್ ಇರಲಿಲ್ಲ, ಅದಕ್ಕೆ ಹುಡುಕಬೇಡಿ. 1.0 ಇಕೋಬೂಸ್ಟ್ ಇದ್ದರೆ 2023ರ ಡಿಸೆಂಬರ್‌ನ ಆಯಿಲ್ ಪಂಪ್ ಬೆಲ್ಟ್ ರೀಕಾಲ್ ಪತ್ರವನ್ನು ಒಮ್ಮೆ ಓದಿ. ಆಯಿಲ್ ಲೈಟ್ ಮಿನುಗಿದರೆ ಬೆಲ್ಟ್ ನೋಡದೆ ಬರೇ ಪ್ರೆಶರ್ ಸ್ವಿಚ್ ಬದಲಿಸಿ ಕಳಿಸುವ ಮನಸ್ಸು ಆಮೇಲೆ ಬರುವುದಿಲ್ಲ.

ವಾಪಸ್ ಬಂದ ಆ ಒಂದು ಗಾಡಿಯ ವಿಷಯ ಉಳಿದಿದೆ. ಸೆನ್ಸರ್ ಮುಖ ಕನ್ನಡಿಯ ಹಾಗಿತ್ತು, ಆದರೂ ಪೆಡಲ್ ಒದೆಯುತ್ತಿತ್ತು. ತೊಂದರೆ ಆಕ್ಸಲ್ ಮೇಲಿನ ರಿಂಗಿನದು: ಅಡಿಯಲ್ಲಿ ತುಕ್ಕು ಉಬ್ಬಿ ರಿಂಗ್ ಸೀಳಿತ್ತು, ಸೀಳು ಬಂದಲ್ಲಿ ಎರಡು ಹಲ್ಲಿನ ನಡುವೆ ಅಂತರ ಅಗಲವಾಗಿತ್ತು. ಪೂರ್ತಿ ಆಕ್ಸಲ್ ಬೇಡ, ರಿಂಗ್ ಬೇರೆಯಾಗಿ ಆರೇಳು ನೂರಕ್ಕೆ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಬಿಸಿ ಮಾಡಿ ಇಳಿಸಿದರಾಯಿತು. ಹಳೆ ರಿಂಗಿನ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎರಡು ಸಲ ಎಣಿಸಿಯೇ ಆರ್ಡರ್ ಕೊಡಿ. ಒಂದು ಹಲ್ಲು ಹೆಚ್ಚುಕಮ್ಮಿ ಆದರೂ ಆ ಚಕ್ರದ ವೇಗ ಉಳಿದ ಮೂರಕ್ಕೆ ತಾಳೆಯಾಗುವುದಿಲ್ಲ.