ಪಾರ್ಟಿನ ವಹಿಗಳಿಂದ ಪೂರ್ತಿ ನಾಟಕ ಕಟ್ಟಿದ್ದು: ನನ್ನ ಅನುಭವ

ಅಚ್ಚಾಗದೇ ಉಳಿದ ಕಂಪನಿ ನಾಟಕವನ್ನು ಬರೀ ಪಾರ್ಟಿನ ವಹಿಗಳಿಂದ, ಅಂದರೆ ಒಬ್ಬೊಬ್ಬ ನಟನ ಮಾತನ್ನಷ್ಟೇ ಬರೆದುಕೊಟ್ಟ ಪುಸ್ತಕಗಳಿಂದ, ಮತ್ತೆ ಕಟ್ಟಬಹುದು ಎಂದಾಗ ಬಲ್ಲವರೇ ಒಪ್ಪಲಿಲ್ಲ. ನಾಟಕ ಕಲಿಸುವ ಮಾಸ್ತರರ ಮೂಲಪ್ರತಿ ಇಲ್ಲದೆ ಅದು ಆಗದ ಮಾತು ಎಂಬುದೇ ಎಲ್ಲರ ವಾದ. ಈಗ ಉತ್ತರ ಕರ್ನಾಟಕದ ಒಬ್ಬ ಕಂಪನಿ ಕವಿಯ ಮೂರು ನಾಟಕ ನಾಂದಿಯಿಂದ ಮಂಗಳದವರೆಗೆ ಓದುವಂತೆ ನಿಂತಿವೆ. ಒಂದೆರಡು ಪ್ರಯೋಗಕ್ಕೇ ಕೈಬಿಟ್ಟ ನಾಲ್ಕನೆಯದು ಮುಕ್ಕಾಲು ಪಾಲು ಸಿಕ್ಕಿದೆ. ಇಷ್ಟೆಲ್ಲ ಮುಗಿದ ಮೇಲೆ ಒಂದು ನಾಟಕದ ಎರಡನೇ ಅಂಕದ ಪ್ರಾಂಪ್ಟರ್ ಪ್ರತಿಯೇ (ಮರೆಯಲ್ಲಿ ನಿಂತು ಮಾತು ನೆನಪಿಸುವವನ ಪ್ರತಿ) ಹೊರಬಂತು. ಇಟ್ಟು ಹೋಲಿಸಿದರೆ ಮಾತುಗಳ ಕ್ರಮದಲ್ಲಿ ಎರಡೇ ಕಡೆ ವ್ಯತ್ಯಾಸ! ಕವಿಯ ಹೆಸರನ್ನು ಮನೆಯವರ ಒಪ್ಪಿಗೆ ಬರುವವರೆಗೆ ಹೇಳುವಂತಿಲ್ಲ.

ನಾಟಕಕಾರ ಸಂಸರು 23 ನಾಟಕ ಬರೆದರು ಎನ್ನುತ್ತಾರೆ, ಉಳಿದಿರುವುದು ಆರು. ಹಸ್ತಪ್ರತಿಯ ಜೊತೆಗೇ ಹೋದ ನಾಟಕಕ್ಕೆ ಮದ್ದಿಲ್ಲ. ಕಂಪನಿ ನಾಟಕದ ಲೆಕ್ಕ ಬೇರೆ. ಇನ್ನೊಂದು ಕಂಪನಿಯವರು ಕದ್ದಾರು ಎಂದು ಪೂರ್ತಿ ಪ್ರತಿಯನ್ನು ಬೀಗ ಹಾಕಿ ಇಡುತ್ತಿದ್ದರು, ನಟರ ಕೈಗೆ ಅವರವರ ಪಾರ್ಟು ಮಾತ್ರ. ಆ ಎಚ್ಚರಿಕೆಯೇ ನಾಟಕವನ್ನು ಹತ್ತು ಹದಿನೈದು ಮನೆಗಳಿಗೆ ಹಂಚಿ ಉಳಿಸಿತು.

ಪಾರ್ಟಿನ ವಹಿಯಲ್ಲಿ ಇರುವುದು ಇಷ್ಟು: ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ (ಇದೇ ಕ್ಯೂ), ಕೆಳಗೆ ತನ್ನ ಮಾತು. ಕೆಲಸವೆಲ್ಲ ಆ ಕ್ಯೂ ಮೇಲೆ ನಿಂತಿದೆ. ಎಕ್ಸೆಲ್‌ನಲ್ಲಿ ಒಂದು ಮಾತಿಗೆ ಒಂದು ಸಾಲು. ಅಂಕ, ಪ್ರವೇಶ (ಸೀನು), ಪಾತ್ರ, ಕ್ಯೂ, ಮಾತು, ಮಾತಿನ ಕೊನೆಯ ಮೂರು ಪದ, ವಹಿಯ ಪುಟ ಎಂದು ಏಳು ಕಾಲಂ. ಒಬ್ಬನ ಕ್ಯೂ ಇನ್ನೊಬ್ಬನ ಕೊನೆಯ ಪದಗಳಿಗೆ ಕೂಡಬೇಕು. ಸುಮಾರು 900 ಮಾತಿನ ನಾಟಕದಲ್ಲಿ ಮೊದಲ ಸುತ್ತಿಗೆ ಅರ್ಧವೂ ಕೂಡಲಿಲ್ಲ. ಕಾರಣ ಕಾಗುಣಿತ. ಒಂದು ವಹಿಯಲ್ಲಿ ‘ಮಾಡುತ್ತೇನೆ’, ಇನ್ನೊಂದರಲ್ಲಿ ‘ಮಾಡ್ತೇನೆ’, ಮೂರನೆಯದರಲ್ಲಿ ‘ಮಾಡತೇನಿ’. ಸಾಲದ್ದಕ್ಕೆ ಟೈಪ್ ಮಾಡಿದವರಲ್ಲಿ ಒಬ್ಬರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಹೊಡೆದು ಯೂನಿಕೋಡಿಗೆ ತಿರುಗಿಸಿದ್ದರಿಂದ ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಿಗೆ ಒಂದೇ ಕಂಡರೂ ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಮೂಲ ಪಾಠವನ್ನು ಮುಟ್ಟದೆ, ಪಕ್ಕದಲ್ಲಿ ಹೋಲಿಕೆಗೆಂದೇ ಇನ್ನೊಂದು ಕಾಲಂ ಮಾಡಿ, ಅಲ್ಲಿ ದೀರ್ಘ, ಒತ್ತು, ಅನುಸ್ವಾರ ಎಲ್ಲ ಕಿತ್ತು ಬರೀ ಅಕ್ಷರದ ಅಸ್ಥಿಪಂಜರ ಇಟ್ಟೆ. ಹತ್ತರಲ್ಲಿ ಎಂಟು ಕೂಡಿದವು. ಕ್ರಿಯಾಪದದ ಕೊನೆಯನ್ನು ಎಲ್ಲಿ ಕತ್ತರಿಸಬೇಕು ಎಂಬ ಪಟ್ಟಿ ಬಹಳ ಕಷ್ಟಪಟ್ಟು ಮಾಡಿದ್ದು, ಅದನ್ನು ಸದ್ಯಕ್ಕೆ ಕೊಡುವುದಿಲ್ಲ.

ಉಳಿದ ಎರಡು ಪಾಲು ನಿಜವಾದ ತಲೆನೋವು. ‘ಅಪ್ಪಣೆ ಪ್ರಭು’ ಎಂಬ ಕ್ಯೂ ಒಂದೇ ನಾಟಕದಲ್ಲಿ ಮೂವತ್ತು ಕಡೆ ಬಂದರೆ ಯಾವುದಕ್ಕೆ ಯಾವುದು? ಇಲ್ಲಿ ಹಾಡಿನ ಪುಸ್ತಕ ಕೈಹಿಡಿಯಿತು. ಥಿಯೇಟರಿನ ಬಾಗಿಲಲ್ಲಿ ಮಾರುತ್ತಿದ್ದ ಆ ಪುಟ್ಟ ಪುಸ್ತಕದಲ್ಲಿ ಹಾಡುಗಳು ಆಡುವ ಕ್ರಮದಲ್ಲೇ ಇರುತ್ತವೆ, ಯಾರು ಹಾಡಬೇಕೆಂದೂ ಇರುತ್ತದೆ. ಹಾಡುಗಳನ್ನು ಮೊದಲು ಗೂಟದ ಹಾಗೆ ನೆಟ್ಟು, ಎರಡು ಹಾಡಿನ ನಡುವಿನ ಮಾತುಗಳನ್ನಷ್ಟೇ ಜೋಡಿಸಿದರೆ ಗೊಂದಲ ಮುಕ್ಕಾಲು ಕಡಿಮೆ. ಹ್ಯಾಂಡ್‌ಬಿಲ್ಲಿನಲ್ಲಿ ಸೀನುಗಳ ಹೆಸರು ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರ ಕ್ರಮವನ್ನು ನಂಬಬೇಡಿ. ಜನ ಸೆಳೆಯುವ ಸೀನನ್ನೇ ಮೇಲೆ ಹಾಕುತ್ತಿದ್ದರು.

ಹಾಸ್ಯದ ಪಾರ್ಟು ಈ ವಿಧಾನಕ್ಕೆ ಬಗ್ಗುವುದಿಲ್ಲ. ವಹಿಯಲ್ಲಿ ‘ಇಲ್ಲಿ ಹಾಸ್ಯ’ ಎಂದಷ್ಟೇ ಬರೆದು ಅರ್ಧ ಪುಟ ಖಾಲಿ. ನಟ ಆ ಊರಿನ ಜನಕ್ಕೆ ತಕ್ಕಂತೆ ಕಟ್ಟುತ್ತಿದ್ದ. ಅಲ್ಲಿ ಖಾಲಿಯನ್ನು ಖಾಲಿಯಾಗಿಯೇ ಅಚ್ಚು ಹಾಕಬೇಕು ಎಂಬುದು ನನ್ನ ಖಚಿತ ನಿಲುವು. ಕಳೆದುಹೋದ ಪಾರ್ಟಿಗೂ ಅದೇ ನಿಯಮ: ಎದುರಿನವರ ವಹಿಗಳಲ್ಲಿ ಅದರ ಮಾತಿನ ಬಾಲ ಮಾತ್ರ ಉಳಿದಿರುತ್ತದೆ, ಮುಂದೆ ಚುಕ್ಕಿ ಇಟ್ಟು ಆ ಬಾಲವನ್ನಷ್ಟೇ ಕೊಡಬೇಕು.

ಹಿರಿಯ ಕಲಾವಿದರ ನೆನಪನ್ನೂ ಬಳಸಿದೆ. ‘ಆ ಸೀನು ಹೇಳಿ’ ಎಂದು ಕೇಳಿದರೆ ಕಥೆ ಬರುತ್ತದೆ, ಮಾತು ಬರುವುದಿಲ್ಲ. ಕ್ಯೂ ಕೊಟ್ಟು ಸುಮ್ಮನಿರಬೇಕು. ಐವತ್ತು ವರ್ಷದ ಮೇಲೂ ಮುಂದಿನ ಮಾತು ದನಿಯ ಏರಿಳಿತದ ಸಮೇತ ಹೊರಬರುತ್ತದೆ. ಆದರೆ ಒಬ್ಬರೇ ಮೂರು ನಾಟಕದಲ್ಲಿ ರಾಜನ ಪಾರ್ಟು ಮಾಡಿದ್ದರೆ ಒಂದರ ಮಾತು ಇನ್ನೊಂದಕ್ಕೆ ಜಾರುತ್ತದೆ. ವಹಿಯ ಸಾಕ್ಷಿ ಇಲ್ಲದ ನೆನಪನ್ನು ಅಡಿಟಿಪ್ಪಣಿಗೇ ಹಾಕಿದ್ದೇನೆ.

ಪ್ರತಿಯ ಕಾಲ ಗೊತ್ತುಮಾಡಲು ಕಾಗದಕ್ಕಿಂತ ಮಾತೇ ಉತ್ತಮ ಸಾಕ್ಷಿ. ಒಂದು ವಹಿಯಲ್ಲಿ ಸಾಹುಕಾರನ ಮಾತಿನ ‘ನಾಲ್ಕಾಣೆ’ಯನ್ನು ಹೊಡೆದು ಮೇಲೆ ಬೇರೆ ಮಸಿಯಲ್ಲಿ ‘25 ನಯಾಪೈಸೆ’ ಎಂದಿದೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯಾ’ ಬಿಟ್ಟದ್ದು 1964ರಲ್ಲಿ. ತಿದ್ದಿದ್ದು ಬಹುತೇಕ ಆ ಏಳು ವರ್ಷದೊಳಗೆ, ಮೂಲ ಬರಹ ಅದಕ್ಕೂ ಹಿಂದಿನದು.

ಚಿತ್ರ ತೆಗೆಯುವುದು ಫೋನಿನಲ್ಲೇ ಸಾಕು. ಜೆರಾಕ್ಸ್ ಅಂಗಡಿಗೆ ಕೊಟ್ಟ ಎರಡು ವಹಿಗಳ ಹೊಲಿಗೆಯೇ ಕಿತ್ತುಹೋಯಿತು, ಅಲ್ಲಿ ಬಗ್ಗಿಸಿ ಒತ್ತುತ್ತಾರೆ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಆಚೆ ಬದಿಯ ಮಸಿ ಕಾಣುವುದು ಕಡಿಮೆ. ಪೆನ್ಸಿಲ್ ಗುರುತಿಗೆ ದೀಪವನ್ನು ಪಕ್ಕದಿಂದ ತಗ್ಗಾಗಿ ಹಿಡಿಯಬೇಕು. ಸೆಲೋಟೇಪ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಅಕ್ಷರವೂ ಬರುತ್ತದೆ. ಇದರ ನಡುವೆ ನೇರಳಾತೀತ ಟಾರ್ಚನ್ನೂ ಪ್ರಯೋಗಿಸಿದೆ, ಸಾವಿರದ ಚಿಲ್ಲರೆ ರೂಪಾಯಿಯದು. ಮಾಸಿದ ಹಳೆಯ ಕಬ್ಬಿಣದ ಮಸಿ ಅದರಡಿ ಕಪ್ಪಾಗಿ ಎದ್ದು ಕಂಡಿತು. ನೀರು ಬಿದ್ದು ತೊಳೆದುಹೋದ ಕೆಂಪು ಮಸಿಗೆ ಮಾತ್ರ ಏನೂ ಉಪಯೋಗವಾಗಲಿಲ್ಲ.

ಖರ್ಚು ಒಟ್ಟು ನಲವತ್ತೈದು ಸಾವಿರದ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಟೈಪಿಂಗಿಗೇ, ಪುಟಕ್ಕೆ 25ರಿಂದ 30 ರೂಪಾಯಿ. ಕಲಾವಿದರ ಗೌರವಧನ ಏಳೆಂಟು ಸಾವಿರ. ಕೈಬರಹ ಓದಿಸಲು ಸಾಫ್ಟ್‌ವೇರಿಗೆ ಸುರಿದ ಮೂರ್ನಾಲ್ಕು ಸಾವಿರ ಪೂರ್ತಿ ದಂಡ. ಅಚ್ಚಾದ ಹಾಡಿನ ಪುಸ್ತಕವನ್ನು ಪರವಾಗಿಲ್ಲ ಎನ್ನುವಂತೆ ಓದಿತು, ವಹಿಯನ್ನು ಓದಲಿಲ್ಲ.

ಕೈಬಿಟ್ಟ ನಾಟಕವನ್ನು ಗುರುತಿಸುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಪುಟದ ಕೆಳಗಿನ ಬಲ ಮೂಲೆ ನೋಡಿ. ಓಡಿದ ನಾಟಕದ ವಹಿಯಲ್ಲಿ ಬೆರಳಿನ ಕೊಳೆ ಹತ್ತಿ ಆ ಮೂಲೆ ಕಪ್ಪಾಗಿರುತ್ತದೆ, ಮಾತುಗಳ ಮೇಲೆ ಕಾಟು ಹೊಡೆದಿರುತ್ತದೆ. ಕೈಬಿಟ್ಟದ್ದು ಸ್ವಚ್ಛವಾಗಿರುತ್ತದೆ. ಆದರೆ ಅಂಥ ನಾಟಕ ಪೂರ್ತಿ ಸಾಯುವುದು ಕಡಿಮೆ. ಅದರ ಒಳ್ಳೆಯ ಸೀನುಗಳು, ಹಾಡುಗಳು ಮುಂದಿನ ನಾಟಕಕ್ಕೆ ಹೋಗುತ್ತವೆ. ನಮ್ಮ ನಾಲ್ಕನೆಯದರ ಮೂರು ಪ್ರವೇಶ ಸಿಕ್ಕಿದ್ದು ಉಳಿದ ಮೂರರಲ್ಲಿ ಒಂದರ ವಹಿಯಲ್ಲಿ, ಹಾಳೆ ಕಿತ್ತು ಹೊಲಿದ ರೂಪದಲ್ಲಿ. ರಾಜನ ಹೆಸರು ಮಾತ್ರ ಹೊಡೆದು ಬದಲಿಸಿದ್ದರು. ಆದ್ದರಿಂದ ಎಲ್ಲ ಹಾಡುಗಳ ಮೊದಲ ಸಾಲು ಮತ್ತು ಮಟ್ಟು (ಹಾಡುವ ಧಾಟಿ) ಸೇರಿಸಿ ಅಕಾರಾದಿ ಪಟ್ಟಿ ಮಾಡಿಕೊಳ್ಳಿ, ಎರಡು ಕಡೆ ಬಂದ ಹಾಡೇ ದಾರಿ ತೋರಿಸುತ್ತದೆ. ಹೊಲಿಗೆಯ ದಾರದಿಂದ ಹಾಳೆಗಳ ಹಳೆಯ ಜಾಗ ಕಂಡುಹಿಡಿಯುವ ಒಂದು ಉಪಾಯವಿದೆ, ಅದು ಪುಸ್ತಕ ಬರುವವರೆಗೆ ನನ್ನಲ್ಲೇ ಇರಲಿ.

ಹಕ್ಕಿನ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಕವಿ ಬದುಕಿದ್ದಾಗ ಪ್ರಕಟವಾಗದ ನಾಟಕಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಲೆಕ್ಕ. ಸಾರ್ವಜನಿಕವಾಗಿ ಆಡಿದ್ದರೆ ಆ ಕಲಮಿನ ಮಟ್ಟಿಗೆ ಪ್ರಕಟವಾದಂತೆಯೇ. ಹಾಗಾಗಿ ಆಡಿದ ದಿನದ ಹ್ಯಾಂಡ್‌ಬಿಲ್ ಇದ್ದರೆ ಜೋಪಾನ ಮಾಡಿ, ಅದು ಕಾನೂನಿನ ಸಾಕ್ಷಿ. ಮೂರು ನಾಟಕಗಳನ್ನು ಕೇಳಿದವರಿಗೆ ಓದಲು ಕೊಡುತ್ತಿದ್ದೇನೆ, ಆಡಲು ಅಲ್ಲ. ಕವಿಯೇ ಹಿಂದಕ್ಕೆ ತೆಗೆದುಕೊಂಡ ನಾಲ್ಕನೆಯದನ್ನು ಮನೆಯವರು ಹೂಂ ಎನ್ನುವವರೆಗೆ ಯಾರಿಗೂ ಕೊಡುವುದಿಲ್ಲ.